ದುಡಿಯ ಜೊತೆ ಡ್ರಮ್ಸ್: ಸ್ಟುಡಿಯೋದಲ್ಲಿ ಹೊಂದಿಕೊಂಡು ನುಡಿಸುವುದು ಹೇಗೆ?

ಕೊಡಗಿನ ಸಾಂಪ್ರದಾಯಿಕ ಹಾಡಾದ ದುಡಿಕೊಟ್ಟ್ ಪಾಟ್‌ನಲ್ಲಿ ಹಾಡುವವರೇ ದುಡಿ ಎಂಬ ಪುಟ್ಟ ಚರ್ಮವಾದ್ಯವನ್ನೂ ಬಾರಿಸುವುದರಿಂದ ಅದರ ಲಯ ಗಡಿಯಾರಕ್ಕಿಂತ ಹಾಡುಗಾರರ ಉಸಿರಿಗೆ ಹೆಚ್ಚು ಹತ್ತಿರವಾಗಿರುತ್ತದೆ. ಅಂಥ ಹಾಡಿಗೆ ಡ್ರಮ್ಸ್ ಸೇರಿಸಿ ಧ್ವನಿಮುದ್ರಿಸಲು ಹೊರಟಾಗ ಮೊದಲ ತಕರಾರು ಹುಟ್ಟುವುದು ಇಲ್ಲಿಯೇ. ಆದ್ದರಿಂದ ಡ್ರಮ್ಮರ್ ಮುಂಚಿತವಾಗಿಯೇ ಹಾಡುಗಾರರ ಬಳಿ ಕುಳಿತು, ಅವರು ಸಹಜವಾಗಿ ಹಾಡುವುದನ್ನು ಮೊಬೈಲಿನಲ್ಲಿ ಹಿಡಿದುಕೊಂಡು, ನಿಮಿಷಕ್ಕೆ ಎಷ್ಟು ಪೆಟ್ಟು ಬೀಳುತ್ತದೆ, ಎಲ್ಲಿ ವೇಗ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂಬುದನ್ನು ಗುರುತು ಮಾಡಿಕೊಳ್ಳಬೇಕು. ಏರಿಳಿತ ಅಲ್ಪವಾಗಿದ್ದರೆ ಕ್ಲಿಕ್ ಟ್ರ್ಯಾಕ್ (ಹೆಡ್‌ಫೋನಿನಲ್ಲಿ ಸಮವೇಗದಲ್ಲಿ ಕೇಳುವ ಟಿಕ್ ಟಿಕ್ ಸದ್ದು) ಬಳಸಬಹುದು. ಹೆಚ್ಚಿದ್ದರೆ ಹಾಡು ಮತ್ತು ದುಡಿಯನ್ನು ಮೊದಲು ಮುದ್ರಿಸಿ, ಡ್ರಮ್ಸನ್ನು ಅದರ ಮೇಲೆ ನುಡಿಸುವುದು ಲೇಸು. ವರ್ಷಗಟ್ಟಲೆ ಹಾಡಿದ ಹಿರಿಯರ ಕಿವಿಗೆ ಕ್ಲಿಕ್ ತುರುಕಿ, ಲಯ ತಪ್ಪಿತೆಂದು ಅವರನ್ನೇ ದೂರುವುದು ನನ್ನ ಮಟ್ಟಿಗೆ ಸರಿಯಲ್ಲ.

ಮಳೆಗಾಲದಲ್ಲಿ ಮಡಿಕೇರಿಯ ತೇವಕ್ಕೆ ದುಡಿಯ ಚರ್ಮ ಸಡಿಲವಾಗುತ್ತದೆ. ಡ್ರಮ್ಸಿನ ಪ್ಲಾಸ್ಟಿಕ್ ಹೊದಿಕೆಗೆ ಆ ತೊಂದರೆ ಅಷ್ಟಾಗಿ ಇಲ್ಲದ ಕಾರಣ, ದುಡಿಯನ್ನು ಕಾಯಿಸಿ ಶ್ರುತಿಗೆ ತರಲು ಬೇಕಾಗುವ ಸಮಯವನ್ನು ಡ್ರಮ್ಮರ್ ಮರೆತುಬಿಡುತ್ತಾನೆ. ದುಡಿ ಬಾರಿಸುವವರು ಸಿದ್ಧರಾಗುವವರೆಗೆ ಸುಮ್ಮನೆ ಡ್ರಮ್ಸ್ ಬಾರಿಸುತ್ತ ಕೂರಬಾರದು. ಡ್ರಮ್ಸಿಗೆ ಹೊಸ ಹೊದಿಕೆ ಹಾಕುವುದಿದ್ದರೆ ಹಿಂದಿನ ದಿನವೇ ಹಾಕಿ ಬಿಗಿಮಾಡಿರಬೇಕು, ಪೆಡಲ್ ಕಿರುಗುಟ್ಟುತ್ತಿದ್ದರೆ ಎಣ್ಣೆ ಬಿಟ್ಟಿರಬೇಕು. ತಗಡಿನ ಮಾಡಿನ ಮೇಲೆ ಸುರಿಯುವ ಮಳೆಯ ಸದ್ದಂತೂ ಯಾರ ಕೈಯಲ್ಲೂ ಇಲ್ಲ.

ಸೌಂಡ್ ಎಂಜಿನಿಯರ್ ಒಂದೊಂದೇ ಡ್ರಮ್ಮನ್ನು ಬಾರಿಸಲು ಹೇಳಿದಾಗ, ಹಾಡಿನಲ್ಲಿ ಬಾರಿಸುವಷ್ಟೇ ಬಲದಿಂದ ಬಾರಿಸಬೇಕು. ಆಗ ಮೆಲ್ಲಗೆ ತಟ್ಟಿ, ಟೇಕ್‌ನಲ್ಲಿ (ಮುದ್ರಣದ ಸರದಿಯಲ್ಲಿ) ಜೋರಾಗಿ ಹೊಡೆದರೆ ಧ್ವನಿ ಒಡೆಯುತ್ತದೆ, ಎಲ್ಲರೂ ಮತ್ತೆ ಮೊದಲಿನಿಂದ ಹಾಡಬೇಕಾಗುತ್ತದೆ. ಸ್ನೇರ್ (ಚುರುಕು ಸದ್ದಿನ ಚಿಕ್ಕ ಡ್ರಮ್) ಮೇಲೆ ಬಟ್ಟೆ ಹೊದಿಸಲು ಹೇಳಿದರೆ ಅದನ್ನು ಅವಮಾನವೆಂದು ತಿಳಿಯಬೇಕಿಲ್ಲ. ಇಟ್ಟ ಮೈಕನ್ನು ಮಾತ್ರ ಹೇಳದೆ ಕೇಳದೆ ಸರಿಸಬಾರದು. ಹೆಡ್‌ಫೋನಿನಲ್ಲಿ ಮೊದಲು ಹಾಡು ಮತ್ತು ದುಡಿ ಸ್ಪಷ್ಟವಾಗಿ ಕೇಳುವಂತೆ ಮಾಡಿಸಿಕೊಂಡು, ಆಮೇಲೆ ಕ್ಲಿಕ್ಕನ್ನು ಬೇಕಾದಷ್ಟೇ ಏರಿಸಿಕೊಳ್ಳಬೇಕು. ವಿಪರೀತ ಏರಿಸಿದರೆ ಮೆಲುದನಿಯ ಭಾಗಗಳಲ್ಲಿ ಅದರ ಟಿಕ್ ಟಿಕ್ ಮೈಕಿಗೆ ಸೋರುತ್ತದೆ.

ಒಂದೇ ಕೋಣೆಯಲ್ಲಿ ಎಲ್ಲರೂ ಕೂಡಿ ನುಡಿಸುವುದಾದರೆ ಸಿಂಬಲ್‌ಗಳ (ಲೋಹದ ತಟ್ಟೆಗಳ) ಮೇಲೆ ಕೈ ಹಗುರವಿರಬೇಕು, ಏಕೆಂದರೆ ಅವುಗಳ ಝೇಂಕಾರ ಹಾಡುಗಾರರ ಮೈಕಿಗೂ ನುಗ್ಗುತ್ತದೆ, ಒಮ್ಮೆ ನುಗ್ಗಿದ್ದನ್ನು ಆಮೇಲೆ ಬೇರ್ಪಡಿಸುವುದು ಕಷ್ಟ. ಕಿಕ್ (ಕಾಲಿನ ಪೆಡಲಿನಿಂದ ಬಾರಿಸುವ ದೊಡ್ಡ ಡ್ರಮ್) ಎಲ್ಲಿ ಬೀಳಬೇಕೆಂಬುದನ್ನು ಬಾಸ್ ಗಿಟಾರ್ ನುಡಿಸುವವರೊಂದಿಗೆ ಮೊದಲೇ ಗೊತ್ತುಮಾಡಿಕೊಂಡು, ದುಡಿ ಮಾತಾಡುವ ಕಡೆ ಸ್ನೇರನ್ನು ಸುಮ್ಮನಿರಿಸಬೇಕು.

ನಡುವೆ ಕೈ ತಪ್ಪಿದರೂ ನಿಲ್ಲಿಸದೆ ಮುಂದುವರಿಯಬೇಕು, ಏಕೆಂದರೆ ಅದೇ ಟೇಕ್‌ನಲ್ಲಿ ಹಾಡು ಚೆನ್ನಾಗಿ ಬಂದಿರಬಹುದು, ತಪ್ಪಿದ ತುಣುಕನ್ನು ಆಮೇಲೆ ಮತ್ತೆ ನುಡಿಸಿ ಸೇರಿಸಬಹುದು. ಕೊನೆಯ ಪೆಟ್ಟಿನ ನಂತರ ಸಿಂಬಲ್ಲಿನ ನಾದ ಪೂರ್ತಿ ಅಡಗಿ, ಎಂಜಿನಿಯರ್ ಕೈ ಎತ್ತುವವರೆಗೆ ಸ್ಟಿಕ್ಕುಗಳನ್ನು ಕೆಳಗಿಡಬಾರದು.