ಹೊಟ್ಟೆ ತೆರೆಯುವುದೋ, ತೊಡೆಸಂದಿನಿಂದ ಹೋಗುವುದೋ: ನನ್ನ ಅನುಭವ

"ಡಾಕ್ಟ್ರೇ, ಹೊಟ್ಟೆ ಕೊಯ್ಯದೇನೇ ಮಾಡಬಹುದಂತೆ, ಅಲ್ವಾ?"

ಹೊಟ್ಟೆಯ ಮಹಾಪಧಮನಿ ಊದಿಕೊಂಡು ಬಂದವರಲ್ಲಿ ಹೆಚ್ಚಿನವರು ಕೂತ ಕೂಡಲೇ ಕೇಳುವುದು ಇದನ್ನೇ. ಮಾಡಬಹುದು. ಆದರೆ ಹೂಂ ಅನ್ನುವ ಮೊದಲು ನಾನು ಸಿಟಿ ಸ್ಕ್ಯಾನಿನಲ್ಲಿ ಒಂದು ಜಾಗ ನೋಡುತ್ತೇನೆ. ಕಿಡ್ನಿಗೆ ಹೋಗುವ ನಾಳಗಳ ಕೆಳಗಿನಿಂದ ಊತ ಶುರುವಾಗುವ ತನಕದ ಚಿಕ್ಕ ತುಂಡು. ನಾವು ಅದನ್ನು 'ನೆಕ್' ಅನ್ನುತ್ತೇವೆ. ಕೊಯ್ಯದೆ ನಾಳದೊಳಗೆ ಕೂರಿಸುವ ಕೊಳವೆ, ಅಂದರೆ ಸ್ಟೆಂಟ್, ಹಿಡಿದು ನಿಲ್ಲುವುದು ಅಲ್ಲೇ.

ಈ ನಾಳ ಸಾಮಾನ್ಯವಾಗಿ 2 ಸೆಂ.ಮೀ. ಅಗಲ ಇರುತ್ತದೆ. 3 ದಾಟಿದರೆ ಆ ಊತಕ್ಕೆ ಅನ್ಯೂರಿಸಂ ಅನ್ನುತ್ತೇವೆ, ಬೆಳೆಯುತ್ತಾ ಹೋದರೆ ಅದು ಒಡೆಯಬಹುದು. ಗಂಡಸರಲ್ಲಿ 5.5, ಹೆಂಗಸರಲ್ಲಿ 5 ಸೆಂ.ಮೀ. ಆಗುವವರೆಗೆ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಸ್ಕ್ಯಾನ್ ಮಾಡುತ್ತಾ ಕಾಯುತ್ತೇವೆ, ಸಿಗರೇಟು ಬಿಡಿಸುತ್ತೇವೆ.

ನಾನು ಮೊದಲು ಕಲಿತದ್ದು ಹೊಟ್ಟೆ ಕೊಯ್ದು ಮಾಡುವ ಓಪನ್ ಆಪರೇಷನ್. ಕರುಳನ್ನು ಪಕ್ಕಕ್ಕೆ ಸರಿಸಿ ಕ್ಲ್ಯಾಂಪ್ ಹಾಕಿದ ಕೂಡಲೇ ಬೆರಳಡಿ ಬಡಿಯುತ್ತಿದ್ದ ಊತ ಸುಮ್ಮನಾಗುತ್ತದೆ. ಸೀಳಿದರೆ ಒಳಗೆ ಪದರ ಪದರವಾಗಿ ಹೆಪ್ಪುಗಟ್ಟಿದ ರಕ್ತ, ಅದನ್ನು ಕೈಯಿಂದಲೇ ತೆಗೆಯುತ್ತೇನೆ. ಹಿಂಬದಿಯ ಸಣ್ಣ ನಾಳಗಳಿಂದ ರಕ್ತ ವಾಪಸ್ ಚಿಮ್ಮುತ್ತದೆ, ಒಂದೊಂದರ ಬಾಯಿಯನ್ನೂ ಹೊಲಿಯಬೇಕು. ಆಮೇಲೆ ಡೇಕ್ರಾನ್ ಬಟ್ಟೆಯ ಕೊಳವೆಯನ್ನು ಮೇಲೆ ಕೆಳಗೆ ಹೊಲಿದು ಕೂರಿಸುತ್ತೇನೆ. ಕ್ಲ್ಯಾಂಪ್ ತೆಗೆಯುವಾಗ ಅರಿವಳಿಕೆ ಡಾಕ್ಟರಿಗೆ ಹೇಳಿಯೇ ತೆಗೆಯುವುದು, ಮೊದಲು ಒಂದು ಕಾಲಿಗೆ ರಕ್ತ ಬಿಡುವುದು, ಆಮೇಲೆ ಇನ್ನೊಂದಕ್ಕೆ. ಒಮ್ಮೆಲೇ ಬಿಟ್ಟರೆ ಬಿಪಿ ಧೊಪ್ಪನೆ ಇಳಿಯುತ್ತದೆ.

ಇವಾರ್‌ನಲ್ಲಿ (ತೊಡೆಸಂದಿನಿಂದ ಸ್ಟೆಂಟ್ ಹಾಕುವ ವಿಧಾನ) ಇದ್ಯಾವುದೂ ಇಲ್ಲ. ಎರಡೂ ತೊಡೆಸಂದಿನಲ್ಲಿ ಸಣ್ಣ ತೂತು, ಮೈಮೇಲೆ ಸೀಸದ ಏಪ್ರನ್, ಕಣ್ಣು ಎಕ್ಸ್‌ರೇ ಪರದೆ ಮೇಲೆ. ಮಡಚಿಟ್ಟ ಸ್ಟೆಂಟನ್ನು ಕಿಡ್ನಿ ನಾಳದ ಕೆಳಗೇ ಬಿಚ್ಚಬೇಕು. ಪ್ಯಾಂಟಿನ ಹಾಗಿರುವ ಅದಕ್ಕೆ ಒಂದು ಕಾಲು ಉದ್ದ, ಇನ್ನೊಂದು ಮೋಟು. ಆ ಮೋಟು ಕಾಲಿನ ಬಾಯೊಳಗೆ ಇನ್ನೊಂದು ಕಡೆಯಿಂದ ವೈರ್ ತೂರಿಸಬೇಕು. ಕೆಲವೊಮ್ಮೆ ಎರಡು ನಿಮಿಷ, ಕೆಲವೊಮ್ಮೆ ಅರ್ಧ ಗಂಟೆ. ಹೊಕ್ಕಿತು ಅನಿಸಿದ ಮೇಲೂ ಬಾಗಿದ ತುದಿಯ ಸಣ್ಣ ನಳಿಕೆ (ಕ್ಯಾತಿಟರ್) ಒಳಗೆ ಬಿಟ್ಟು ತಿರುಗಿಸುತ್ತೇನೆ. ಸಲೀಸಾಗಿ ತಿರುಗಿದರೆ ಒಳಗಿದೆ ಅಂತ ಅರ್ಥ. ಮಾರನೇ ದಿನ ರೋಗಿ ಎದ್ದು ಓಡಾಡುತ್ತಾರೆ. ಓಪನ್ ಆದವರು ಮೊದಲಿನ ಹಾಗಾಗಲು ಎರಡು ಮೂರು ತಿಂಗಳು ಬೇಕು, ಗಾಯದ ಜಾಗದಲ್ಲಿ ಹರ್ನಿಯಾ ಆಗುವುದೂ ಉಂಟು.

ಬ್ರಿಟನ್ನಿನ ಇವಾರ್-1 ಅಧ್ಯಯನದಲ್ಲಿ ಮೊದಲ 30 ದಿನದ ಸಾವು ಸ್ಟೆಂಟ್ ಹಾಕಿದವರಲ್ಲಿ 1.7%, ಓಪನ್ ಆದವರಲ್ಲಿ 4.7%. ಆದರೆ ಅದೇ ರೋಗಿಗಳ 15 ವರ್ಷದ ಲೆಕ್ಕ 2016ರಲ್ಲಿ ಬಂದಾಗ ಆ ಲಾಭ ಉಳಿದಿರಲಿಲ್ಲ. 8 ವರ್ಷದ ನಂತರ ಓಪನ್ ಆದವರೇ ಜಾಸ್ತಿ ಬದುಕಿದ್ದರು. ಸ್ಟೆಂಟ್ ಇದ್ದೂ ಊತ ಒಡೆದದ್ದು ಅದಕ್ಕೆ ಒಂದು ಮುಖ್ಯ ಕಾರಣ.

ಅದನ್ನು ಓದುವ ಮೊದಲೇ ನಾನು ಒಬ್ಬರಲ್ಲಿ ಕಂಡಿದ್ದೆ. ಅವರ ನೆಕ್ 11 ಮಿ.ಮೀ. ಮಾತ್ರ, ಅದೂ ಕೆಳಗೆ ಅಗಲವಾಗುತ್ತಾ ಹೋಗಿತ್ತು. 15 ಆದರೂ ಬೇಕಿತ್ತು. ಕೊಯ್ಯುವುದೇ ಬೇಡ ಅಂತ ಅವರು ಕೈಮುಗಿದರು, ನಾನು ಒಪ್ಪಿಬಿಟ್ಟೆ. ಎರಡು ವರ್ಷ ಸ್ಕ್ಯಾನಿಗೆ ಬಂದರು, ಆಮೇಲೆ "ಚೆನ್ನಾಗಿದ್ದೀನಲ್ಲ" ಅಂತ ಬಿಟ್ಟರು. ನಾಲ್ಕನೇ ವರ್ಷ ಬೆನ್ನುನೋವು ಅಂತ ಬಂದಾಗ ಸ್ಟೆಂಟ್ ಕೆಳಗೆ ಜಾರಿತ್ತು, ಊತ ಒಂದೂವರೆ ಸೆಂ.ಮೀ. ಬೆಳೆದಿತ್ತು. ಹೊಟ್ಟೆ ತೆರೆದು ಸ್ಟೆಂಟ್ ಬಿಡಿಸಿ ತೆಗೆಯಬೇಕಾಯಿತು. ಕ್ಲ್ಯಾಂಪ್ ಕಿಡ್ನಿ ನಾಳಗಳಿಗಿಂತ ಮೇಲೆ ಹಾಕಬೇಕಾಗಿ ಬಂತು. ಮೂರು ವಾರ ಐಸಿಯುನಲ್ಲಿದ್ದು ಉಳಿದರು. ಆ ಮೂರು ವಾರ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ತಪ್ಪು ನನ್ನದೇ ಆಗಿತ್ತು.

ಈಗ ಅರವತ್ತರ ಆಸುಪಾಸಿನವರು, ಹೃದಯ ಶ್ವಾಸಕೋಶ ಗಟ್ಟಿ, ನೆಕ್ ಸರಿಯಿಲ್ಲ ಅಂದರೆ ಓಪನ್ ಅಂತ ನೇರವಾಗಿ ಹೇಳುತ್ತೇನೆ. ಎಂಬತ್ತರ ಹತ್ತಿರದವರು, ಉಬ್ಬಸ ಇದೆ, ನೆಕ್ ಚೆನ್ನಾಗಿದೆ ಅಂದರೆ ಸ್ಟೆಂಟ್. ನಡುವೆ ಇರುವವರ ಜೊತೆ ಕೂತು ಸ್ಕ್ಯಾನ್ ತೋರಿಸಿ ಮಾತಾಡುತ್ತೇನೆ, ಆತುರ ಮಾಡುವುದಿಲ್ಲ. ಸ್ಟೆಂಟ್ ಹಾಕಿದವರ ಫೈಲಿನ ಮೊದಲ ಪುಟದಲ್ಲೇ ಸ್ಕ್ಯಾನ್ ತಾರೀಖು ಬರೆಯುತ್ತೇನೆ: ಒಂದು ತಿಂಗಳಿಗೆ, ಒಂದು ವರ್ಷಕ್ಕೆ, ಆಮೇಲೆ ಪ್ರತಿ ವರ್ಷ. ಪಕ್ಕದಲ್ಲಿ ಮಗನದೋ ಮಗಳದೋ ಫೋನ್ ನಂಬರ್. ತಾರೀಖು ದಾಟಿ ಒಂದು ವಾರವಾದರೂ ಅವರು ಬರದಿದ್ದರೆ ನಾನೇ ಫೋನ್ ಮಾಡುತ್ತೇನೆ.