ಎರಡು ವರ್ಷದ ಮಗುವಿನ ಜೊತೆ ಹೋಟೆಲಿಗೆ: ಯಾರಿಗೆ ತಲೆಬಾಗಬೇಕು, ಯಾರನ್ನು ಬಿಡಬೇಕು

ಮಗು ಗಲಾಟೆ ಮಾಡುತ್ತೆ, ಜನ ನೋಡ್ತಾರೆ ಅಂತ ಹೋಟೆಲಿಗೆ ಹೋಗುವುದನ್ನೇ ನಿಲ್ಲಿಸಿದ ಅಮ್ಮಂದಿರು ನನಗೆ ತುಂಬಾ ಜನ ಗೊತ್ತು. ದಯವಿಟ್ಟು ನಿಲ್ಲಿಸಬೇಡಿ. ಹೊರಗೆ ಹೇಗೆ ಕೂತು ತಿನ್ನಬೇಕು ಎನ್ನುವುದನ್ನು ಮಗು ಹೊರಗೆ ಕೂತೇ ಕಲಿಯಬೇಕು. ನಾವಿರುವುದು ಮೈಸೂರಿನ ಸರಸ್ವತಿಪುರಂನಲ್ಲಿ. ಮಗನಿಗೆ ಈಗ ಎರಡೂವರೆ ವರ್ಷ. ಭಾನುವಾರ ಬೆಳಿಗ್ಗೆ ಹೋಟೆಲ್ ತಿಂಡಿ ಎನ್ನುವುದು ಅವನು ಹುಟ್ಟುವ ಮೊದಲೂ ನಮ್ಮ ಮನೆಯಲ್ಲಿತ್ತು, ಈಗಲೂ ಇದೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಹೋಟೆಲಿನಲ್ಲಿ ನಮ್ಮ ಮಗುವಿನಿಂದ ನಿಜವಾಗಿ ತೊಂದರೆಯಾಗುವುದು ಮೂರು ಥರದ ಜನರಿಗೆ: ಬಿಸಿ ಸಾಂಬಾರ್ ಹಿಡಿದು ಓಡಾಡುವ ಸಪ್ಲೈಯರಿಗೆ, ಟೇಬಲ್ ಒರೆಸುವವರಿಗೆ, ಪಕ್ಕದಲ್ಲಿ ಕೂತು ತಿನ್ನುತ್ತಿರುವವರಿಗೆ. ನಾವು ಜವಾಬು ಕೊಡಬೇಕಾದ್ದು ಇವರಿಗೆ. ಆಚೆ ಮೂಲೆಯಲ್ಲಿ ಕೂತು ತಲೆ ಅಲ್ಲಾಡಿಸುವವರಿಗೆ ಅಲ್ಲ. ಇದು ಮನಸ್ಸಿನಲ್ಲಿ ಸ್ಪಷ್ಟವಾದರೆ ಅರ್ಧ ಭಾರ ಇಳಿಯುತ್ತದೆ.

ಈ ವಯಸ್ಸಿಗೆ ಎಷ್ಟು ಸಾಧ್ಯ?

ಎರಡು ವರ್ಷದ ಮಗು ಹತ್ತು ಹದಿನೈದು ನಿಮಿಷ ಒಂದೇ ಕಡೆ ಕೂತರೆ ಅದೇ ದೊಡ್ಡದು. ಚೆಲ್ಲದೆ ತಿನ್ನುವುದು, ಮೆಲ್ಲಗೆ ಮಾತಾಡುವುದು, ದೊಡ್ಡವರ ಕಾಫಿ ಮುಗಿಯುವ ತನಕ ಕಾಯುವುದು ಇವೆಲ್ಲ ಅದರ ಕೈಲಾಗದ ಕೆಲಸ. ಅದು ಮಾಡಬಹುದಾದ್ದು ಬೇರೆ ಇದೆ. ತಿನ್ನುವ ಮೊದಲು ಕೈ ತೊಳೆಯುವುದು. ತಿನ್ನುವಾಗ ಕೂತಿರುವುದು. ಬೇಡವಾದರೆ ಎಸೆಯದೆ "ಸಾಕು" ಎನ್ನುವುದು. ಪಕ್ಕದವರ ತಟ್ಟೆಗೆ ಕೈ ಹಾಕದೆ ಇರುವುದು. ಸದ್ಯಕ್ಕೆ ಈ ನಾಲ್ಕು ಸಾಕು.

ಅಭ್ಯಾಸ ಮನೆಯಲ್ಲಿ ಶುರುವಾಗಬೇಕು. ಮನೆಯಲ್ಲಿ ತುತ್ತು ಹಿಡಿದು ಮಗುವಿನ ಹಿಂದೆ ಓಡಿದರೆ ಹೋಟೆಲಿನಲ್ಲಿ ಅದು ಕೂರುವುದಿಲ್ಲ. ನಾವು ದಿನಾ ಒಂದು ಊಟವಾದರೂ ಎಲ್ಲರೂ ಒಟ್ಟಿಗೆ ಕೂತು ಮಾಡುತ್ತೇವೆ. ಎದ್ದರೆ ತಟ್ಟೆಯೂ ಏಳುತ್ತದೆ, ಬೈಗುಳವಿಲ್ಲ. ಎಂಜಲಿನ ಪಾಠವೂ ಇಲ್ಲೇ. ಪಲ್ಯದ ಪಾತ್ರೆಗೆ ಕೈ ಹಾಕಲು ಹೋದಾಗ "ಅದು ಎಲ್ಲರದ್ದು, ಇದು ನಿನ್ನದು" ಎಂದು ಅವನ ಬಟ್ಟಲು ತೋರಿಸುತ್ತೇನೆ. ಇಷ್ಟು ಚಿಕ್ಕವರಿಗೂ "ನಿನ್ನದು" ಎನ್ನುವುದು ಚೆನ್ನಾಗಿ ಅರ್ಥವಾಗುತ್ತದೆ.

ಮಕ್ಕಳಿಗೆ ಹೋಟೆಲ್ ಆಟ ಎಂದರೆ ಪ್ರಾಣ. ಹೆಗಲಿಗೆ ಒಂದು ಟವೆಲ್ ಹಾಕಿ ಮಗುವನ್ನೇ ಸಪ್ಲೈಯರ್ ಮಾಡಿ. "ಅಣ್ಣಾ, ಎರಡು ಇಡ್ಲಿ" ಅನ್ನಿ. ತಂದುಕೊಟ್ಟಾಗ "ಥ್ಯಾಂಕ್ಸ್ ಅಣ್ಣ" ಅನ್ನಿ. ಆಮೇಲೆ ಪಾತ್ರ ಬದಲಿಸಿ. ಹೋಟೆಲಿನಲ್ಲಿ ನನ್ನ ಮಗ ಯಾರೂ ಹೇಳಿಕೊಡದೆ ಸಪ್ಲೈಯರಿಗೆ ಥ್ಯಾಂಕ್ಸ್ ಹೇಳುವುದು ಈ ಆಟದಿಂದಲೇ.

ಹೊತ್ತು, ಜಾಗ, ಚೀಲ

ಭಾನುವಾರ ಒಂಬತ್ತೂವರೆಗೆ ಹೋಗಬೇಡಿ. ಇಡೀ ಊರು ಅಲ್ಲಿರುತ್ತದೆ. ಏಳೂವರೆಗೆ ಹೋಗಿ, ಇಡ್ಲಿ ಬಿಸಿಯಾಗಿರುತ್ತದೆ, ಟೇಬಲ್ ಖಾಲಿ ಇರುತ್ತದೆ. ಇಲ್ಲದಿದ್ದರೆ ಸಂಜೆ ನಾಲ್ಕಕ್ಕೆ. ನಿದ್ದೆಯ ಹೊತ್ತು ಬೇಡವೇ ಬೇಡ. ಹಸಿದು ಅಳುವ ಸ್ಥಿತಿಯಲ್ಲೂ ಕರೆದುಕೊಂಡು ಹೋಗಬೇಡಿ, ಹೊರಡುವ ಮೊದಲು ಅರ್ಧ ಬಾಳೆಹಣ್ಣು ಕೊಡಿ.

ಕಾಯುವುದು ಈ ವಯಸ್ಸಿಗೆ ಆಗದ ಮಾತು. ಬೆಂಗಳೂರಿಗೆ ಹೋದಾಗ ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಹೋಗಬೇಕು, ಗಾಂಧಿಬಜಾರಿನ ವಿದ್ಯಾರ್ಥಿ ಭವನಕ್ಕೆ ಹೋಗಬೇಕು ಎಂದು ಎಲ್ಲರಿಗೂ ಆಸೆ. ಒಂದು 1924ರದ್ದು, ಇನ್ನೊಂದು 1943ರದ್ದು, ಎರಡರ ಮುಂದೆಯೂ ರಜಾದಿನ ಜನ ಕಾಯುತ್ತಾ ನಿಂತಿರುತ್ತಾರೆ. ಹೋಗಿ, ಆದರೆ ವಾರದ ದಿನ ಹೋಗಿ. ವಿದ್ಯಾರ್ಥಿ ಭವನದಲ್ಲಿ ಸಪ್ಲೈಯರ್ ಒಂದೇ ತೋಳಿನ ಮೇಲೆ ದೋಸೆ ತಟ್ಟೆಗಳನ್ನು ಸಾಲಾಗಿ ಜೋಡಿಸಿಕೊಂಡು ಬರುತ್ತಾರಲ್ಲ, ಅವರ ಕಾಲಿಗೆ ಓಡುವ ಮಗು ಅಡ್ಡ ಸಿಕ್ಕರೆ? ಓಡಬಾರದು ಎನ್ನುವ ನಿಯಮದಲ್ಲಿ ನಾನು ಒಂದಿಷ್ಟೂ ಸಡಿಲ ಬಿಡುವುದಿಲ್ಲ. ಅದು ಮರ್ಯಾದೆಯ ಪ್ರಶ್ನೆ ಅಲ್ಲ, ಸುಡುವ ಸಾಂಬಾರಿನ ಪ್ರಶ್ನೆ.

ಗೋಡೆ ಪಕ್ಕದ ಟೇಬಲ್ ಹುಡುಕಿ. ಮಗು ಗೋಡೆ ಕಡೆ, ನೀವು ಆಚೆ ಕಡೆ. ಅಡುಗೆಮನೆ ಬಾಗಿಲು, ಕೈ ತೊಳೆಯುವ ಜಾಗ ಎರಡರಿಂದಲೂ ದೂರ. ನಿಂತು ತಿನ್ನುವ ದರ್ಶಿನಿಗಳಲ್ಲಿ ಟೇಬಲ್ ಮಗುವಿಗೆ ಎಟುಕುವುದಿಲ್ಲ, ಮಗು ತೋಳಲ್ಲೇ ಇರಬೇಕಾಗುತ್ತದೆ. ಇಬ್ಬರು ದೊಡ್ಡವರಿದ್ದರೆ ಮಾತ್ರ ಅಲ್ಲಿಗೆ.

ಚೀಲದಲ್ಲಿ ಅವನದೇ ಚಿಕ್ಕ ಸ್ಟೀಲ್ ತಟ್ಟೆ, ಚಮಚ, ನೀರಿನ ಬಾಟಲಿ, ಎರಡು ಹಳೆಯ ಪಂಚೆ ತುಂಡು, ಒಂದು ಅಂಗಿ. ಪಂಚೆ ತುಂಡಿನಷ್ಟು ಚೆನ್ನಾಗಿ ಸಾಂಬಾರ್ ಹೀರುವ ವಸ್ತು ಇನ್ನೊಂದಿಲ್ಲ.

ಏನು ತರಿಸಬೇಕು?

ಕೂತ ತಕ್ಷಣ ಹೇಳಿ: "ಅಣ್ಣಾ, ಮಗುಗೆ ಒಂದು ಇಡ್ಲಿ ಮೊದಲು ಕೊಟ್ಬಿಡಿ, ಸಾಂಬಾರ್ ಬೇರೆ ಬಟ್ಟಲಲ್ಲಿ ಇರಲಿ. ನಮ್ಮದು ಆಮೇಲೆ ಬರಲಿ." ಇದಕ್ಕೆ ಬೇಜಾರು ಮಾಡಿಕೊಂಡ ಸಪ್ಲೈಯರನ್ನು ನಾನು ಕಂಡಿಲ್ಲ. ಇಡ್ಲಿ, ಸೆಟ್ ದೋಸೆ, ಮೊಸರನ್ನ ಒಳ್ಳೆಯದು. ನಮ್ಮ ನಜರ್‌ಬಾದಿನ ಮೈಲಾರಿ ದೋಸೆಯ ಮೆದು ಭಾಗ ಚಿಕ್ಕ ಬಾಯಿಗೆ ಹೇಳಿಮಾಡಿಸಿದ್ದು.

ಬಿಸಿ ಪೂರಿಯ ಬಗ್ಗೆ ಎಚ್ಚರ. ಉಬ್ಬಿದ ಪೂರಿ ಒಡೆದಾಗ ಒಳಗಿನ ಹಬೆ ಬೆರಳು ಸುಡುತ್ತದೆ, ನೀವೇ ಮೊದಲು ಒಡೆದು ಆರಿಸಿ ಕೊಡಿ. ಚಿತ್ರಾನ್ನ, ಪುಳಿಯೋಗರೆಯಿಂದ ಕಡಲೆಕಾಯಿ ಬೀಜ ಆರಿಸಿ ತೆಗೆಯಿರಿ. ನಾಲ್ಕೈದು ವರ್ಷದವರೆಗೆ ಇಡೀ ಬೀಜ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿದೆ. ಪೊಂಗಲ್ಲು, ವಡೆಯಲ್ಲಿ ಕಾಳುಮೆಣಸು ನೋಡಿಕೊಳ್ಳಿ. ಕಾಫಿ ಲೋಟ ಯಾವಾಗಲೂ ಮಗುವಿನ ಕೈಗೆಟುಕದ ಕಡೆ.

ಹೊಸ ತಿಂಡಿಯನ್ನು ಹೋಟೆಲಿನಲ್ಲಿ ಬಲವಂತ ಮಾಡಬೇಡಿ. ಎರಡು ವರ್ಷದ ಆಸುಪಾಸಿನಲ್ಲಿ ಹೊಸ ರುಚಿಗೆ ಮುಖ ತಿರುಗಿಸುವುದು ಸಹಜ. ಹತ್ತು ಹದಿನೈದು ಸಲ ತಟ್ಟೆಯಲ್ಲಿ ಕಂಡ ಮೇಲೆ ಒಪ್ಪಿಕೊಳ್ಳುವ ಮಕ್ಕಳೂ ಇದ್ದಾರೆ. ಆ ಪ್ರಯತ್ನ ಮನೆಯಲ್ಲಿ ನಡೆಯಲಿ.

ಒಮ್ಮೆಗೆ ಎರಡು ಮೂರು ತುತ್ತು ಮಾತ್ರ ತಟ್ಟೆಗೆ ಹಾಕಿ. ಎಸೆಯಲು ಜಾಸ್ತಿ ಇರುವುದೇ ಇಲ್ಲ. ಎಸೆದರೆ ಕಿರುಚಬೇಡಿ, ನಗಲೂ ಬೇಡಿ, ಎರಡೂ ಅದಕ್ಕೆ ಆಟವೇ. "ಸಾಕಾಯ್ತಾ?" ಎಂದು ಕೇಳಿ ತಟ್ಟೆ ಪಕ್ಕಕ್ಕಿಡಿ. ಬೇಕೆಂದರೆ ಇನ್ನೊಂದು ಅವಕಾಶ ಕೊಡಿ. ಮತ್ತೆ ಎಸೆದರೆ ತಿಂಡಿ ಮುಗಿಯಿತು.

ಅತ್ತರೆ

ಹೊರಡುವ ಮೊದಲೇ ಮಾತಾಡಿಕೊಳ್ಳಿ: ಅತ್ತರೆ ಯಾರು ಎತ್ತಿಕೊಂಡು ಹೊರಗೆ ಹೋಗುವುದು, ಯಾರು ಬಿಲ್ ಕೊಟ್ಟು ಪಾರ್ಸೆಲ್ ಕಟ್ಟಿಸುವುದು. ನಮ್ಮಲ್ಲಿ ಒಂದು ವಾರ ಅವರು, ಒಂದು ವಾರ ನಾನು. ಹೊರಗೆ ನಿಂತು ಹಸುವೋ ಬಸ್ಸೋ ನೋಡುತ್ತಾ ಸಮಾಧಾನವಾದರೆ ಒಳಗೆ ಬನ್ನಿ. ಆಗದಿದ್ದರೆ ಮನೆಗೆ ನಡೆಯಿರಿ. ಅವತ್ತಿನ ದೋಸೆ ಮನೆಯಲ್ಲಿ ತಿಂದರಾಯಿತು.

"ನೋಡು, ಆ ಅಂಕಲ್ ಬೈತಾರೆ", "ಪೊಲೀಸ್ ಹಿಡ್ಕೊಂಡ್ ಹೋಗ್ತಾರೆ" ಎನ್ನುವ ಮಾತನ್ನು ಮಾತ್ರ ದಯವಿಟ್ಟು ಬಿಟ್ಟುಬಿಡಿ. ಇದು ನಮ್ಮಲ್ಲಿ ಎಷ್ಟು ರೂಢಿಯಾಗಿದೆ ಎಂದರೆ ಯಾರೂ ಯೋಚಿಸದೆ ಹೇಳುತ್ತಾರೆ. ಇದರಿಂದ ಮಗು ಆ ಕ್ಷಣ ಸುಮ್ಮನಾಗಬಹುದು. ಆದರೆ ಕೂತು ತಿನ್ನುವುದು ಯಾಕೆ ಎಂದು ಕಲಿಯುವುದಿಲ್ಲ, ಅಪರಿಚಿತರೆಂದರೆ ಬೈಯುವವರು ಎಂದು ಕಲಿಯುತ್ತದೆ. ತಟ್ಟೆ ತಂದುಕೊಡುವ ಅಣ್ಣನನ್ನೇ ಗುಮ್ಮ ಮಾಡಿದರೆ ಅವರಿಗೆ ಥ್ಯಾಂಕ್ಸ್ ಹೇಳು ಎಂದು ಹೇಗೆ ಕಲಿಸುವುದು? ನಿಜವಾದ ಕಾರಣ ಹೇಳಿ. "ಸಾಂಬಾರ್ ಬಿಸಿ ಇದೆ, ಓಡಿದರೆ ಬೀಳುತ್ತೆ." ಅದರ ಮಟ್ಟಕ್ಕೆ ಬಗ್ಗಿ, ಕಣ್ಣು ನೋಡಿ, ಮೆಲ್ಲಗೆ.

ಮೊಬೈಲ್ ನಾವು ಟೇಬಲ್ ಮೇಲೆ ಇಡುವುದಿಲ್ಲ, ನಮ್ಮದನ್ನೂ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದಂತೆ ಒಂದು ವರ್ಷದ ಮಗುವಿಗೆ ಸ್ಕ್ರೀನ್ ಬೇಡ, ಎರಡು ವರ್ಷದ ಮೇಲೆ ದಿನಕ್ಕೆ ಒಂದು ಗಂಟೆ ಮೀರಬಾರದು. ನನಗೆ ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ: ವಿಡಿಯೋ ನೋಡುತ್ತಾ ತಿನ್ನುವ ಮಗುವಿಗೆ ಹೊಟ್ಟೆ ತುಂಬಿದ್ದೂ ಗೊತ್ತಾಗುವುದಿಲ್ಲ, ಪಕ್ಕದಲ್ಲಿ ಜನ ಇದ್ದಾರೆ ಎನ್ನುವುದೂ ಗೊತ್ತಾಗುವುದಿಲ್ಲ. ಹಾಗೆಂದು ಪಕ್ಕದ ಟೇಬಲಿನ ಅಮ್ಮ ಮೊಬೈಲ್ ಕೊಟ್ಟರೆ ನಾನು ಅವಳನ್ನು ಅಳೆಯುವುದಿಲ್ಲ. ಅವಳ ರಾತ್ರಿ ಹೇಗೆ ಕಳೆಯಿತೋ ನನಗೇನು ಗೊತ್ತು.

ಏಳುವ ಮೊದಲು

ಟೇಬಲ್ ಕೆಳಗೆ ಬಿದ್ದ ಇಡ್ಲಿ ಚೂರುಗಳನ್ನು ಆರಿಸಿ ತಟ್ಟೆಗೆ ಹಾಕಿ. ಚೆಲ್ಲಿದ್ದನ್ನು ಒಮ್ಮೆ ಒರೆಸಿ. ಮಗುವಿನ ಕೈಗೂ ಒಂದು ಬಟ್ಟೆ ತುಂಡು ಕೊಡಿ, ಸಂತೋಷದಿಂದ ಒರೆಸುತ್ತದೆ. ಟಿಪ್ಸ್ ಇಡುವುದಾದರೆ ಬಿಲ್ಲಿನ ತಟ್ಟೆಯಲ್ಲಿ ಮಾತ್ರ ಇಡಬೇಡಿ, ಟೇಬಲ್ ಒರೆಸುವವರ ಕೈಗೆ ಬೇರೆ ಕೊಡಿ. ನಮ್ಮ ಮಗುವಿನ ಹೆಚ್ಚಿನ ಕೆಲಸ ಬಿದ್ದದ್ದು ಅವರ ಮೇಲೆ.

ಜನರ ಮಾತು

ಪಕ್ಕದವರ ಸೀರೆಗೆ ಸಾಂಬಾರ್ ಸಿಡಿದರೆ ತಕ್ಷಣ ಎದ್ದು "ಕ್ಷಮಿಸಿ" ಎಂದು ಒದ್ದೆ ಬಟ್ಟೆ ಕೊಡಿ, ಒಗೆಯುವ ಖರ್ಚು ಕೊಡುತ್ತೇನೆ ಎಂದು ಹೇಳಿ. ಅಲ್ಲಿ ಸಮರ್ಥನೆ ಬೇಡ. ಬೇರೆ ಮಾತುಗಳಿಗೆ ಇಷ್ಟು ಕಷ್ಟಪಡಬೇಕಿಲ್ಲ. "ಇಷ್ಟು ಹಠಾನಾ?" ಎನ್ನುವ ಹಿರಿಯರಿಗೆ "ಕಲೀತಿದಾನೆ ಅಮ್ಮ" ಎಂದು ನಗುತ್ತಾ ಹೇಳಿದರೆ ಸಾಕು. ತುಂಬಾ ಸಲ ಅವರೇ ತಮ್ಮ ಮೊಮ್ಮಗನ ಕಥೆ ಶುರು ಮಾಡುತ್ತಾರೆ. "ಮೊಬೈಲ್ ಕೊಡಿ, ಸುಮ್ನಾಗ್ತಾನೆ" ಎಂದರೆ "ಇಲ್ಲ ಸರ್, ತಿಂದ್ಬಿಡ್ತಾನೆ." ಚಾಕೊಲೇಟ್ ಕೊಡಲು ಬಂದರೆ "ನನ್ನ ಕೈಗೆ ಕೊಡಿ ಅಂಕಲ್, ಆಮೇಲೆ ಕೊಡ್ತೀನಿ." ಸುಮ್ಮನೆ ದುರುಗುಟ್ಟಿ ನೋಡುವವರಿಗೆ ಉತ್ತರವೇ ಬೇಡ.

ಎಡಗೈಯಲ್ಲಿ ತಿಂದರೆ ಮಾತು ಜಾಸ್ತಿ ಬರುತ್ತದೆ. ಯಾವ ಕೈ ಎನ್ನುವುದು ಮೂರು ನಾಲ್ಕು ವರ್ಷದವರೆಗೂ ಗಟ್ಟಿಯಾಗದೆ ಇರಬಹುದು, ಕೆಲವು ಮಕ್ಕಳದ್ದು ಕೊನೆಗೂ ಎಡಗೈಯೇ. ಜನರೆದುರು ಕೈ ಹಿಡಿದು ಎಳೆದು ಬದಲಿಸಬೇಡಿ. "ಇನ್ನೂ ಎರಡೂ ಕೈ ಅವನದೇ" ಎಂದು ಹೇಳಿ ಸುಮ್ಮನಾಗಿ.

ಇನ್ನೊಂದು ನನ್ನನ್ನು ನೋಯಿಸುವ ವಿಷಯ. ಮಗು ಅತ್ತಾಗ ಎಲ್ಲರೂ ನೋಡುವುದು ಅಮ್ಮನ ಮುಖವನ್ನು. ಅದೇ ಮಗುವನ್ನು ಅಪ್ಪ ಎತ್ತಿಕೊಂಡು ನಿಂತರೆ "ಪಾಪ, ಎಷ್ಟು ಒಳ್ಳೆಯವರು" ಎನ್ನುತ್ತಾರೆ. ಅಪ್ಪಂದಿರೇ, ಆ ಹೊಗಳಿಕೆಯನ್ನು ಸುಮ್ಮನೆ ಜೇಬಿಗೆ ಹಾಕಿಕೊಳ್ಳಬೇಡಿ, "ಇದು ನನ್ನ ಕೆಲಸವೇ ಅಲ್ವಾ" ಎಂದು ಹೇಳಿ. ಮದುವೆ ಮನೆಯ ಪಂಕ್ತಿಯಲ್ಲಿ ನಿಮ್ಮ ಕಡೆಯ ಅತ್ತೆಯೋ ದೊಡ್ಡಮ್ಮನೋ "ನಮ್ಮ ಕಾಲದಲ್ಲಿ ಮಕ್ಕಳು ಹೀಗಿರಲಿಲ್ಲ" ಎಂದು ಶುರು ಮಾಡಿದರೆ ಉತ್ತರ ಕೊಡಬೇಕಾದ್ದು ನೀವು, ನಿಮ್ಮ ಹೆಂಡತಿಯಲ್ಲ. ಆ ಪಂಕ್ತಿಯಲ್ಲಿ ಮಗುವಿನ ಪಕ್ಕ ನೀವೇ ಕೂರಿ. ಬಡಿಸುವವರಿಗೆ "ಮಗುಗೆ ಒಂದೊಂದು ಚೂರು ಸಾಕು, ಪಾಯಸ ಆರಿದ ಮೇಲೆ" ಎಂದು ಮೊದಲೇ ಹೇಳಿ. ಅವಳು ಒಂದು ಊಟ ಬಿಸಿಯಾಗಿ ಮಾಡಲಿ.