ಹಾಳೆ ಕಟ್ಟಿನ ಮೇಲೆ ಕೂತು ನೋಡಿದ್ದು

ಪುನರ್ವಸು ಮಳೆ ಹಿಡಿದ ವಾರ ಅದು. ಬೆಂಗಳೂರಿಗೆ ಕಳಿಸಿದ್ದ ಅಡಿಕೆ ಹಾಳೆ ತಟ್ಟೆಯ ಎರಡು ಪೆಟ್ಟಿಗೆ ವಾಪಸ್ ಬಂದವು. ಬಿಚ್ಚಿ ನೋಡಿದರೆ ತಟ್ಟೆ ತುಂಬ ಬಿಳಿ ಬೂಷ್ಟು.

ತೀರ್ಥಹಳ್ಳಿ ಹತ್ತಿರದ ಒಂದು ಸಣ್ಣ ಘಟಕವನ್ನು ನಾನು ನೋಡಿಕೊಳ್ಳುತ್ತೇನೆ. ನೆನೆಸಿದ ಹಾಳೆಯನ್ನು ಕಾದ ಅಚ್ಚಿನಲ್ಲಿ ಒತ್ತಿ ತಟ್ಟೆ ಮಾಡುವ ಐದು ಮಿಷನ್, ಒಂಬತ್ತು ಜನ ಹೆಂಗಸರು. ಆಗ ನಾನು ಕೂರುತ್ತಿದ್ದದ್ದು ಶಿವಮೊಗ್ಗದ ಆಫೀಸಿನಲ್ಲಿ, ಸುಮಾರು 60 ಕಿಲೋಮೀಟರ್ ದೂರ. ಸಂಜೆ ರಿಜಿಸ್ಟರ್‌ನ ಫೋಟೋ ವಾಟ್ಸಾಪ್‌ಗೆ ಬರುತ್ತಿತ್ತು. ಇಷ್ಟು ತಟ್ಟೆ ಆಯ್ತು, ಇಷ್ಟು ಹಾಳಾಯ್ತು ಅಂತ. ಅದನ್ನು ನೋಡಿಯೇ ಎಲ್ಲ ತೀರ್ಮಾನ. ಈ ಸಲ ಹಾಳೆಯೇ ಸರಿ ಇಲ್ಲ ಅಂದುಕೊಂಡು, ಹಾಳೆ ಕೊಡುವ ತೋಟದವರ ಹತ್ತಿರ ಮಾತಿಗೆ ಮಾತು ಬೆಳೆಸಿದ್ದೂ ಆಯ್ತು.

ಟೊಯೊಟಾ ಕಂಪನಿಯಲ್ಲಿ ತೈಚಿ ಓನೊ ಅಂತ ಒಬ್ಬರಿದ್ದರು. ಕಾರ್ಖಾನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಸುತ್ತು ಬರೆದು, ಅದರೊಳಗೆ ಮ್ಯಾನೇಜರುಗಳನ್ನು ಗಂಟೆಗಟ್ಟಲೆ ನಿಲ್ಲಿಸುತ್ತಿದ್ದರಂತೆ. ಸುಮ್ನೆ ನೋಡಿ ಅಂತ. ಕೆಲಸ ನಡೆಯುವ ಜಾಗಕ್ಕೆ ಜಪಾನಿನವರು ಗೆಂಬಾ ಅನ್ನುತ್ತಾರೆ. ನಮ್ಮ ಗೆಂಬಾಕ್ಕೆ ನಾನು ಹೋಗಿ ಎಷ್ಟು ದಿನವಾಯ್ತು ಅಂತ ಲೆಕ್ಕ ಹಾಕಿದೆ. ಹೋಗಿದ್ದೆ, ಆದರೆ ಕೂತಿರಲಿಲ್ಲ.

ಮೊದಲ ದಿನ ಫೋನ್ ಮಾಡಿ ಹೋದೆ. ಅದೇ ತಪ್ಪಾಯ್ತು. ನೆಲ ಗುಡಿಸಿ ಇಟ್ಟಿದ್ದರು, ಎಲ್ಲರ ಕೈಯಲ್ಲೂ ಗ್ಲೌಸ್ ಇತ್ತು, ಯಾರೂ ಮಾತಾಡಲಿಲ್ಲ. ಮರುದಿನ ಹೇಳದೆ ಬೆಳಗಿನ ಬಸ್ಸಿಗೆ ಹೋಗಿ, ನೋಟ್‌ಬುಕ್ಕೂ ತೆಗೆಯದೆ ಹಾಳೆ ಕಟ್ಟಿನ ಮೇಲೆ ಕೂತೆ. ಅವತ್ತು ಒಬ್ಬರ ಕೈಯಲ್ಲೂ ಗ್ಲೌಸ್ ಇರಲಿಲ್ಲ. ಕಾದ ಅಚ್ಚಿಗೆ ಅಂಟಿದ ತಟ್ಟೆಯನ್ನು ಬರಿ ಬೆರಳಲ್ಲೇ ಎಳೆಯುತ್ತಿದ್ದರು. ನಾನು ಡಜನ್ ಲೆಕ್ಕದಲ್ಲಿ ತಂದಿದ್ದ ಗ್ಲೌಸ್ ಗಂಡಸರ ಅಳತೆಯದ್ದು. ಅದನ್ನು ಹಾಕಿಕೊಂಡರೆ ಅವರಿಗೆ ತಟ್ಟೆಯ ಅಂಚೇ ಹಿಡಿಯಲು ಸಿಗುತ್ತಿರಲಿಲ್ಲ. ಸಣ್ಣ ಅಳತೆಯದ್ದನ್ನು ಅವತ್ತೇ ಪೇಟೆಯಿಂದ ತರಿಸಿದೆ. ಬೇರೆ ಯಾವುದಕ್ಕೂ ನಾನು ಕೂಡಲೇ ಕೈ ಹಾಕಲಿಲ್ಲ.

ಒಂದನೇ ಮಿಷನ್‌ನಲ್ಲಿ ವಯಸ್ಸಾದ ಒಬ್ಬ ಅಮ್ಮ ಇದ್ದಾರೆ. ಅವರು ತೊಟ್ಟಿಯಿಂದ ಹಾಳೆ ತೆಗೆದು ಒಮ್ಮೆ ಕೊಡವುತ್ತಾರೆ. ಬುಡದ ದಪ್ಪ ಭಾಗವನ್ನು ಹೆಬ್ಬೆರಳಲ್ಲಿ ಒತ್ತಿ, ಸ್ವಲ್ಪ ಬಗ್ಗಿಸಿ ನೋಡುತ್ತಾರೆ. ಕೆಲವನ್ನು ಮತ್ತೆ ನೀರಿಗೆ ಬಿಡುತ್ತಾರೆ.

"ಯಾಕಮ್ಮ ವಾಪಸ್ ಹಾಕಿದ್ರಿ?"

"ಇದು ನೆಂದಿಲ್ಲ ಸಾರ್. ಹೀಗೇ ಒತ್ತಿದ್ರೆ ಅಂಚು ಸೀಳ್ತದೆ."

ಹೊಸದಾಗಿ ಸೇರಿದ ಇಬ್ಬರು ಹುಡುಗಿಯರಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಸೀಳಿದ ತಟ್ಟೆ ಜಾಸ್ತಿ ಬರುತ್ತಿದ್ದದ್ದು ಅವರ ಮಿಷನ್‌ಗಳಿಂದಲೇ.

ಬೂಷ್ಟಿನ ಮೂಲ ಸಿಕ್ಕಿದ್ದು ಮೂರನೇ ದಿನ. ಹನ್ನೊಂದು ಗಂಟೆಗೆ ಕರೆಂಟು ಹೋಯಿತು. ಮುಕ್ಕಾಲು ಗಂಟೆ ಬಿಟ್ಟು ಬಂತು. ನಮ್ಮ ಅಚ್ಚು ಸರಿಯಾಗಿ ಕಾಯಲು ಕಾಲು ಗಂಟೆಯಾದರೂ ಬೇಕು. ಇವರು ಎರಡೇ ನಿಮಿಷಕ್ಕೆ ಹಾಳೆ ಇಟ್ಟು ಒತ್ತಲು ಶುರು ಮಾಡಿದರು. ಒಂದು ತಟ್ಟೆ ತೆಗೆದು ಮುಟ್ಟಿದೆ. ನೋಡಲು ಚೆನ್ನಾಗಿಯೇ ಇತ್ತು, ಆದರೆ ಅಂಗೈಗೆ ತಣ್ಣಗೆ ಪಸೆ ಹತ್ತಿತು. ಬೈಯಬೇಕು ಅನ್ನಿಸಿತು. ಬಾಯಿ ಬಿಗಿ ಹಿಡಿದೆ.

ಟೀ ಕುಡಿಯುವಾಗ ಕೇಳಿದೆ, "ಕರೆಂಟು ಬಂದ ಮೇಲೆ ಸ್ವಲ್ಪ ಕಾದು ಒತ್ತಿದ್ರೆ ಏನಾಗ್ತದೆ?" ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಹುಡುಗಿಯೊಬ್ಬಳು ಹೇಳಿದಳು, "ನಮಗೆ ತಟ್ಟೆ ಲೆಕ್ಕದಲ್ಲಿ ದುಡ್ಡು ಅಲ್ವಾ ಸಾರ್. ಕಾಯ್ತಾ ಕೂತ್ರೆ ನಮ್ಮ ಕೂಲಿನೇ ಹೋಗೋದು."

ಆ ಲೆಕ್ಕ ಮಾಡಿದ್ದು ನಾನು. ಕರೆಂಟು ಹೋದ ಹೊತ್ತಿನ ನಷ್ಟವನ್ನೆಲ್ಲ ಅವರ ತಲೆಗೇ ಕಟ್ಟಿದ್ದೆ. ಮಳೆಗಾಲದ ಮಲೆನಾಡಲ್ಲಿ ಕರೆಂಟು ಹೋಗದ ದಿನ ಯಾವುದಿದೆ? ಹಸಿ ಉಳಿದ ತಟ್ಟೆ ಆ ಸಂಜೆ ರಿಜಿಸ್ಟರ್‌ನಲ್ಲಿ ಒಳ್ಳೆಯ ತಟ್ಟೆ ಅಂತಲೇ ಸೇರುತ್ತಿತ್ತು. ಬೂಷ್ಟು ಏಳುತ್ತಿದ್ದದ್ದು ಪೆಟ್ಟಿಗೆಯೊಳಗೆ, ದಾರಿಯಲ್ಲಿ. ನೂರು ಸಲ ಫೋಟೋ ನೋಡಿದ್ದರೂ ನನಗೆ ಅದು ಕಾಣುತ್ತಿರಲಿಲ್ಲ.

ಅದರ ಮುಂದಿನ ಸೋಮವಾರದಿಂದಲೇ, ಕರೆಂಟು ಇಲ್ಲದ ಹೊತ್ತಿಗೂ ಅಚ್ಚು ಕಾಯುವ ಹೊತ್ತಿಗೂ ಗಂಟೆ ಲೆಕ್ಕದ ಕೂಲಿ ಬೇರೆ ಕೊಡುತ್ತಿದ್ದೇವೆ. ಮಾಲೀಕರನ್ನು ಒಪ್ಪಿಸಲು ವಾಪಸ್ ಬಂದ ಎರಡು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟರೆ ಸಾಕಾಯ್ತು. ಒತ್ತಿದ ತಟ್ಟೆಯನ್ನು ಒಂದು ರಾತ್ರಿ ಹರವಿಟ್ಟೇ ಪ್ಯಾಕ್ ಮಾಡುತ್ತೇವೆ. ಹೊಸಬರು ಮೊದಲ ವಾರ ಆ ಅಮ್ಮನ ಪಕ್ಕ ಕೂರುತ್ತಾರೆ. ಕಲಿಸುವುದಕ್ಕೆ ಅಮ್ಮನಿಗೆ ದಿನಕ್ಕಿಷ್ಟು ಅಂತ ಜಾಸ್ತಿ ಕೊಡುತ್ತೇವೆ. ಆ ಮಳೆಗಾಲ ಮತ್ತೆ ಪೆಟ್ಟಿಗೆ ವಾಪಸ್ ಬರಲಿಲ್ಲ. ಸೀಳುವುದು ಪೂರ್ತಿ ನಿಂತಿಲ್ಲ, ತೆಳು ಹಾಳೆ ಬಂದಾಗ ಈಗಲೂ ಸೀಳುತ್ತದೆ.

ನಿಮ್ಮಲ್ಲೂ ಹೀಗೆ ಕೂತು ನೋಡುವುದಾದರೆ ಕೆಲಸ ಕೆಟ್ಟು ನಿಲ್ಲುವ ದಿನವೇ ಹೋಗಿ. ಮಳೆ ಬರುವಾಗ, ಕರೆಂಟು ಇಲ್ಲದಾಗ, ಜನ ಕಡಿಮೆ ಇದ್ದಾಗ. ಯಾರು ಮಾಡಿದ್ದು ಅಂತ ಮಾತ್ರ ಕೇಳಬೇಡಿ. ಹಾಗೆ ಕೇಳಿದರೆ ಅವತ್ತಿಗೆ ಮಾತು ಮುಗಿಯಿತು.

ಈಗ ಪ್ರತಿ ಗುರುವಾರ ಹೋಗುತ್ತೇನೆ. ಹೋದ ವಾರ ಅಮ್ಮ ತಾವಾಗಿಯೇ ಕರೆದು ತೊಟ್ಟಿ ತೋರಿಸಿದರು. ತುಂಬ ತಗ್ಗಿನಲ್ಲಿದೆಯಂತೆ, ದಿನಾ ಬಗ್ಗಿ ಬಗ್ಗಿ ಸೊಂಟ ಹಿಡಿಯುತ್ತದಂತೆ. ನಾಳೆ ಗಾರೆ ಮೇಸ್ತ್ರಿ ಬರುತ್ತಾರೆ. ಎಷ್ಟು ಎತ್ತರ ಬೇಕು ಅನ್ನುವುದನ್ನು ಅಮ್ಮನೇ ನಿಂತು ಅಳತೆ ಕೊಡುತ್ತಾರೆ.